ಮಸ್ಕಿಯ ಟೇಲ್ ಗೇಜ್ ಸಮಾವೇಶ

ಶಿವರಾತ್ರಿ ಆಗಿ ಎಂಟು ದಿನ ಆಗಿತ್ತು. ಚಳಿ ಹೋಗಿತ್ತು, ಬಿಸಿಲು ಇನ್ನೂ ಪೂರಾ ಬಂದಿರಲಿಲ್ಲ. ಬೆಳಗಿನ ಹತ್ತು ಗಂಟೆಯ ಹೊತ್ತು. ಮಸ್ಕಿಯ ಅಮರಗುಂಡಪ್ಪ ತನ್ನ ಕಿರಾಣಿ ಅಂಗಡಿಯೊಳಗೆ ಬೆಲ್ಲದ ಪೆಂಟಿಗೆ ಬೆನ್ನು ಕೊಟ್ಟು ಕೂತು, ಸಿಂಧನೂರಿಗೆ ಒಂದು ಫೋನು ಹಚ್ಚಿದ. ಆ ಫೋನು ಹಚ್ಚದೆ ಹೋಗಿದ್ದರೆ ನಾನು ಇದನ್ನೆಲ್ಲ ಬರೆಯುವ ಕಾರಣವೇ ಇರಲಿಲ್ಲ.

ಮೊದಲು ಸಂಗತಿ ಹೇಳಿಬಿಡುತ್ತೇನೆ. ನಮ್ಮಲ್ಲಿ ವರ್ಷಕ್ಕೊಂದು ಭಾನುವಾರ, ಅಂದರೆ ನಮ್ಮ ಐತಾರ, 'ಕುಂತು ಆಡುವ ಆಟಗಳ ಕೂಟ' ಅಂತ ಒಂದು ನಡೆಯುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಸುರೇಖಾ ಅದನ್ನು ಶುರು ಮಾಡಿ ಆರು ವರ್ಷ. ಯಾರಿಗೂ ಪಗಾರ ಇಲ್ಲ, ಎಲ್ಲರೂ ತಾವಾಗಿ ಬಂದು ದುಡಿಯುವವರು. ಹುಲಿ-ಕುರಿ, ಚೌಕಾಬಾರ, ಅಳಗುಳಿ ಮಣೆ, ಕೇರಂ ಇರುತ್ತವೆ. ಇವಲ್ಲದೆ ಸುರೇಖಾ ತರಿಸುವ ರಟ್ಟಿನ ಡಬ್ಬಿಯ ಹೊಸ ಆಟಗಳೂ ಇರುತ್ತವೆ. ಅವುಗಳ ನಿಯಮದ ಹಾಳೆ ಓದಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಅಮರಗುಂಡಪ್ಪ ಅಧ್ಯಕ್ಷ. ಅವನ ಹೆಂಡತಿ ಶೇಖರಮ್ಮ ಮಂಡಾಳ ವಗ್ಗರಣಿ, ಮಿರ್ಚಿ ಮಾಡುತ್ತಾಳೆ. ನಾನು, ನರಸಣ್ಣ, ಬಾಗಿಲಲ್ಲಿ ಕೂತು ಬಂದವರ ಹೆಸರು, ಊರು ಬರೆದುಕೊಳ್ಳುತ್ತೇನೆ. ನನ್ನ ಅಕ್ಷರ ನಿಧಾನ, ಆದರೆ ಒಬ್ಬರೂ ತಪ್ಪುವುದಿಲ್ಲ ಅಂತ ಈ ಕೆಲಸ ನನಗೆ ಬಂತು.

ಹೋದ ವರ್ಷ ನಾನು ಬರೆದದ್ದು ಹನ್ನೊಂದು ಹೆಸರು. ಅದರಲ್ಲಿ ಒಂದು ನನ್ನದು. ಇನ್ನೊಂದು, ಬಸ್ಸು ತಪ್ಪಿಸಿಕೊಂಡು ನೆರಳಿಗೆ ಬಂದು ಕೂತಿದ್ದ ಲಿಂಗಸುಗೂರಿನ ಯಾರೋ ಬೀಗರದು.

ಕೂಟ ನಡೆಯುವುದು ವರ್ತಕರ ಭವನದಲ್ಲಿ. ಅದರ ಕೀಲಿ ಹಸನ್‌ಸಾಬನ ಹತ್ತಿರ ಇರುತ್ತದೆ. ಅವನು ಸಂಕ್ರಾಂತಿಯ ಮರುದಿನ ಅಂಗಡಿಗೆ ಬಂದು, ಎರಡು ಕಾಳು ಶೇಂಗಾ ಬಾಯಿಗೆ ಹಾಕಿಕೊಂಡು, ಸುದ್ದಿ ಹೇಳಿದ.

"ಅಣ್ಣಾರ, ವರ್ತಕರು ಠರಾವು ಮಾಡ್ಯಾರ. ಈ ಸಲ ಐವತ್ತು ಮಂದಿ ಕುಂತು ಆಡಿದ್ದು ನರಸಣ್ಣನ ಪಟ್ಟಿಯಾಗ ಇರಬೇಕು. ಇರಲಿಲ್ಲಂದ್ರ ಬರೋ ವರ್ಷದಿಂದ ಆ ಐತಾರ ಸೀರಿ ಸೇಲಿಗೆ ಕೊಡತಾರಂತ."

ಸುರೇಖಾ ಇದನ್ನು ಕೇಳಿ ಎರಡು ದಿನ ಬೇರೆ ಜಾಗ ಹುಡುಕಿಕೊಂಡು ಓಡಾಡಿದಳು. ಮಸ್ಕಿಯಲ್ಲಿ ಅಷ್ಟು ಟೇಬಲ್ಲು ಹಿಡಿಸುವ ಜಾಗ ಬೇರೆ ಇಲ್ಲ. ಭವನ ಹೋದರೆ ಕೂಟವೇ ಹೋದ ಹಾಗೆ.

ಅಮರಗುಂಡಪ್ಪನಿಗೆ ಮಾತ್ರ ರೋಗ ಎಲ್ಲಿದೆ ಅಂತ ಗೊತ್ತಾಗಿತ್ತು. ರೋಗ ಹೆಸರಿನಲ್ಲಿತ್ತು.

"ಕುಂತು ಆಡೋ ಆಟ ಅಂದ್ರ ಕೆಲಸಿಲ್ಲದವರು ಅಂತಾರ," ಅಂದ. "ಬರೇ ಆಟ ಅಂದ್ರ ಬಯಲಾಟ ಅಂತ ತಿಳಕೋತಾರ. ಹೋದ ವರ್ಷ ಒಬ್ಬಾವ ಬಂದು ವೇಷ ಯಾರದು, ಹಾರ್ಮೋನಿಯಂ ಯಾರದು ಅಂತ ಕೇಳಿ ಹೋದ. ನನ್ನ ಅಧ್ಯಕ್ಷಗಿರಿಗೆ ಏನು ಕಿಮ್ಮತ್ತು ಉಳೀತು? ಇಂಗ್ಲೀಷಿನ್ಯಾಗ ಹಾಕೋಣು. ಟೇಬಲ್ ಗೇಮ್. ಕೂಟ ಬ್ಯಾಡ, ಸಮಾವೇಶ."

"ಕಾಕಾ, ಫ್ಲೆಕ್ಸ್ ಅಂಗಡಿಯಾವಗ ಬರದು ಕಳಸ್ರಿ," ಅಂದಳು ಸುರೇಖಾ.

"ಬರಿಯೂದು ಯಾಕವ್ವ, ಬಾಯಿ ಐತಲ್ಲ."

ಹೀಗಾಗಿ ಆ ಫೋನು.

ಸಿಂಧನೂರಿನಲ್ಲಿ ಫ್ಲೆಕ್ಸ್ ಹೊಡೆಯುವ ನಾಸೀರ್ ಒಳ್ಳೆಯ ಹುಡುಗ, ಆದರೆ ಅವನ ಮಷೀನು ಒಂದು ಸಲ ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಆಗ ಕಾಲುವೆ ನೀರಿನ ಗಲಾಟೆಯ ಸೀಜನ್. ಎರಡನೇ ಬೆಳೆಯ ಭತ್ತ ಹೊಡೆ ಕಟ್ಟುವ ಹೊತ್ತು. ನಮ್ಮ ಕಡೆ ಕಾಲುವೆಯ ಕಡೇ ಭಾಗಕ್ಕೆ ಟೇಲ್ ಅನ್ನುತ್ತಾರೆ. ಕಾಲುವೆಯಲ್ಲಿ ನೀರು ಎಷ್ಟು ಅಡಿ ಇದೆ ಅಂತ ತೋರಿಸುವ ಅಳತೆಗೆ ಗೇಜ್ ಅನ್ನುತ್ತಾರೆ. ಟೇಲಿಗೆ ಗೇಜ್ ಬರುವುದಿಲ್ಲ, ಅದೇ ಪ್ರತಿ ವರ್ಷದ ತಕರಾರು. ಹಿಂದಿನ ವಾರ ನಾಸೀರ್ ಹೊಡೆದ ಒಂಬತ್ತು ಫ್ಲೆಕ್ಸಿನಲ್ಲಿ ಏಳು ಗೇಜಿನವೇ, ಉಳಿದ ಎರಡು ಹುಟ್ಟುಹಬ್ಬದವು.

"ಬರಕೋಪಾ," ಅಂದ ಅಮರಗುಂಡಪ್ಪ. "ಟೇಬಲ್ ಗೇಮ್ ಸಮಾವೇಶ."

"ಏನ್ರೀ? ಟೇಲ್ ಗೇಜ್?"

"ಹೂಂ, ಅದ. ಬರೋ ಐತಾರ ಹತ್ತು ಗಂಟೆಕ್ಕ. ವರ್ತಕರ ಭವನ, ಮಸ್ಕಿ. ಅಧ್ಯಕ್ಷರು ಅಂತ ನಂದು ಫೋಟೋ ದೊಡ್ಡದು ಹಾಕು. ಸಿಂಧನೂರಾಗ ಒಂದು, ಲಿಂಗಸುಗೂರಾಗ ಒಂದು, ಮಸ್ಕಿಯಾಗ ಒಂದು, ನೀನ ಕಟ್ಟಿಸಿಬಿಡು."

"ಚಿತ್ರ ಏನರ ಹಾಕಲೇನ್ರೀ?"

"ಚಂದ ಕಾಣೂದು ಹಾಕು."

ನಾಸೀರ್ ಚಂದ ಕಾಣುವುದೇ ಹಾಕಿದ. ಕೆಳಗೆ ತುಂಬಿ ಹರಿಯುವ ಕಾಲುವೆ, ಮೇಲೆ ಬಿಗಿದ ಮುಷ್ಟಿ, ನಡುವೆ ಅಮರಗುಂಡಪ್ಪ.

ಮಸ್ಕಿಯ ಫ್ಲೆಕ್ಸನ್ನು ಕಟ್ಟಿದ ದಿನ ನಾವಿಬ್ಬರೂ ಅದರ ಕೆಳಗೆ ನಿಂತೆವು. ಅಮರಗುಂಡಪ್ಪ ಚಾಳೀಸು ತಂದಿರಲಿಲ್ಲ, ಆದರೆ ಅವನ ಮುಖ ಅವನಿಗೆ ಚಾಳೀಸು ಇಲ್ಲದೆಯೂ ಕಾಣುವಷ್ಟು ದೊಡ್ಡದಿತ್ತು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಟೇಲ್ ಗೇಜ್ ಅಂತ ಇತ್ತು. ಇಂಗ್ಲೀಷಿನಲ್ಲಿ ಆಟಕ್ಕೂ ಅದೇ ಅನ್ನುತ್ತಾರೋ ಏನೋ ಅಂದುಕೊಂಡೆ.

"ಅಮರಗುಂಡಪ್ಪ, ನೀರು ಯಾಕ ಬಂತು ಇದರಾಗ?"

"ಅಲಂಕಾರ."

"ಮುಷ್ಟಿ?"

ಕಣ್ಣು ಕಿರಿದು ಮಾಡಿ ನೋಡಿದ. "ಕವಡಿ ಹಿಡಕೊಂಡಂಗ ಐತಿ," ಅಂದ.

ನನಗೂ ಬರೋಬ್ಬರಿ ಅನ್ನಿಸಿತು.

ಮರುದಿನವೇ ಅಂಗಡಿಗೆ ಮಂದಿ ಬರಲು ಶುರು ಮಾಡಿದರು. ಸಾಮಾನು ಕೊಳ್ಳಲು ಅಲ್ಲ, ಕೈ ಮುಗಿದು ಹೋಗಲು. ಇಪ್ಪತ್ತೆಂಟು ವರ್ಷದಿಂದ ಅವನಿಗೆ ಅಂಗಡಿ ಅಪ್ಪಣ್ಣ ಅನ್ನುತ್ತಿದ್ದವರು 'ಅಧ್ಯಕ್ಷರ' ಅನ್ನತೊಡಗಿದರು. ಶೇಖರಮ್ಮ ಮನೆಯ ಒಳಗಿನಿಂದ ಇಣುಕಿ, "ಅಧ್ಯಕ್ಷರಿಗೆ ಹಿಟ್ಟು ಬೀಸಿಕೊಂಡು ಬರಾಕ ಹೇಳ್ರಿ," ಅಂದಳು.

ಬುಧವಾರ ಟೇಲಿನ ರೈತ ಲಕ್ಷ್ಮಣ ಬಂದ. ಹೆಗಲ ಮೇಲೆ ಹಸಿರು ಟವೆಲ್ಲು, ಮಾತು ಕಡಿಮೆ. ನಾನು ಅಲ್ಲೇ ಗೋಣಿಚೀಲದ ಮೇಲೆ ಕೂತಿದ್ದೆ. ಅವರಿಬ್ಬರ ಮಾತು ಅಕ್ಷರ ತಪ್ಪದೆ ನೆನಪಿದೆ.

"ಅಧ್ಯಕ್ಷರ, ಟ್ರ್ಯಾಕ್ಟರ್ ಎಷ್ಟು ತರೋಣ್ರಿ?"

"ಎಷ್ಟರ ತರ್ರಿ. ಜಾಗಾ ಐತಿ."

"ಕುಂದರೂದು ಎಷ್ಟೊತ್ತನ?"

"ಅದೇನು ಕೇಳತಿ? ಒಮ್ಮಿ ಕುಂತ್ರ ಫೈಸಲಾ ಆಗೋತನ ಏಳಬಾರದು."

ಲಕ್ಷ್ಮಣ ಅವನ ಮುಖವನ್ನೇ ನೋಡಿದ. "ಸಾಹೇಬ್ರನ್ನೂ ಕರಸೋಣೇನ್ರಿ?"

ಅಮರಗುಂಡಪ್ಪನಿಗೆ ಯಾವ ಸಾಹೇಬರು ಅಂತ ತಿಳಿಯಲಿಲ್ಲ, ಆದರೆ ಸಾಹೇಬರು ಬಂದರೆ ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾಯಿತಲ್ಲ. "ಕರಸು. ಅವರನ್ನೂ ಕುಂದರಸೋಣು. ನಮ್ಮ ಪಾಮನಕಲ್ಲೂರ ಮುದುಕಮ್ಮನ ಮುಂದ ಕುಂದರಸಿದ್ರ ಅರ್ಧ ತಾಸಿನ್ಯಾಗ ಬೆವರು ಇಳಸತಾಳ."

"ಇಷ್ಟು ಗಟ್ಟಿ ಮನಷ್ಯಾ ಈ ಅಂಗಡಿಯಾಗ ಕುಂತಾನಂತ ಗೊತ್ತಿರಲಿಲ್ರಿ," ಅಂದು ಲಕ್ಷ್ಮಣ ಕೈ ಮುಗಿದು ಹೋದ.

ಗುರುವಾರ ಠಾಣೆಯ ಪೇದೆ ಶಿವರಾಜ ಬಂದ. ನಮ್ಮ ಓಣಿಯವನೇ, ಆದರೆ ಅವತ್ತು ಕೈಯಲ್ಲಿ ಪುಸ್ತಕ ಹಿಡಿದಿದ್ದ.

"ಕಾಕಾ, ಎಷ್ಟು ಮಂದಿ ಕೂಡತಾರ?"

ಐವತ್ತು ಅನ್ನುವುದಕ್ಕೆ ಅಮರಗುಂಡಪ್ಪನ ನಾಲಿಗೆ ಹೊರಳಲಿಲ್ಲ. "ಐನೂರು ಬರಕೋ," ಅಂದ.

ಶಿವರಾಜ ಬರೆದುಕೊಂಡ. "ಮೈಕು?"

"ಇಲ್ಲಪ್ಪ. ಸದ್ದಾದ್ರ ಮಂದಿಗೆ ತೆಲಿ ಓಡಂಗಿಲ್ಲ."

"ಕಲ್ಲುಗಿಲ್ಲು ಏನೂ ಇರೂದಿಲ್ಲಲ್ಲ?"

"ಕಲ್ಲಿಲ್ಲದ ಹ್ಯಾಂಗ ನಡೀತೈತೋ? ಒಬ್ಬಾವಗ ಹದಿನೈದು, ಎದುರಿನವಗ ಮೂರು. ನಮ್ಮ ನರಸಣ್ಣ ಹಳ್ಳಕ್ಕ ಹೋಗಿ, ಕೈಗೆ ಬರೋಬ್ಬರಿ ಕುಂದರೂವಂಥಾವ ಆರಿಸಿ, ತೊಳದು, ಮೂರು ಡಬ್ಬಿ ತುಂಬಿಟ್ಟಾನ."

ಶಿವರಾಜ ನನ್ನ ಕಡೆ ತಿರುಗಿ ನೋಡಿದ. ನನ್ನ ವಯಸ್ಸು ಎಪ್ಪತ್ತಾರು. "ಕಾಕಾ, ನೀವೂ?" ಅಂದ. ನಾನು ಹೂಂ ಅಂದೆ. ಖರೇ ಇದ್ದದ್ದನ್ನು ಇಲ್ಲ ಅನ್ನಲು ನನಗೆ ಕಾರಣ ಇರಲಿಲ್ಲ.

ಭಾನುವಾರ ಬಂತು. ಒಂಬತ್ತಕ್ಕೆ ನಾನು ಬಾಗಿಲಲ್ಲಿ ಪಟ್ಟಿ ಬಿಚ್ಚಿ ಕೂತೆ. ಮೊದಲು ಬಂದವಳು ಪಾಮನಕಲ್ಲೂರಿನ ಮುದುಕಮ್ಮ. ಹುಲಿ-ಕುರಿಯಲ್ಲಿ ಆರು ವರ್ಷದಿಂದ ಸೋತಿಲ್ಲದಾಕೆ. ಅವರದು ಒಣಬೇಸಾಯದ ಊರು, ಕಾಲುವೆಯ ನೀರು ಅಲ್ಲಿಗೆ ಕನಸಿನಲ್ಲೂ ಹೋಗುವುದಿಲ್ಲ. ಅವಳು ಹಲಗೆಯ ಮುಂದೆ ಕೂತು ಎಲೆಯಡಿಕೆ ಬಿಚ್ಚಿದಳು.

ಆಮೇಲೆ ಸಿಂಧನೂರು ರಸ್ತೆಯ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಬಂತು. ಒಂದಲ್ಲ, ಎರಡಲ್ಲ. ಹದಿಮೂರು ಬಂದು ನಿಂತವು. ಹಸಿರು ಟವೆಲ್ಲಿನ ಮಂದಿ ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಎಲ್ಲರ ಕೈಯಲ್ಲೂ ರೊಟ್ಟಿ ಗಂಟು. ಕೆಲವರು ಹಾಸಿಗೆಯನ್ನೂ ತಂದಿದ್ದರು.

ನಾನು ಬರೆದೆ. ಇಪ್ಪತ್ತು, ಐವತ್ತು, ನೂರು. ಐವತ್ತು ದಾಟಿದಾಗ ಹಸನ್‌ಸಾಬ್ ಬಂದು ಪಟ್ಟಿ ನೋಡಿದ, ಕಣ್ಣು ಒರೆಸಿಕೊಂಡು ಮತ್ತೆ ನೋಡಿದ.

"ಬರೇ ಹೆಸರು ಆದ್ರ ನಡಿಯಂಗಿಲ್ಲ ನರಸಣ್ಣ," ಅಂದ. "ಕುಂತು ಆಡಬೇಕು."

ಶೇಖರಮ್ಮ ಹಿಂದಿನ ಬಾಗಿಲಿನಿಂದ ಬಂದು ಗಂಡನ ಮುಂದೆ ಸೌಟು ಹಿಡಿದು ನಿಂತಳು. "ಐವತ್ತು ಮಂದಿಗೆ ವಗ್ಗರಣಿ ಅಂದ್ರಿ. ಹೊರಗ ಒಂದು ಊರ ಬಂದೈತಿ. ನಾ ನಿಮ್ಮ ಹೆಂಡ್ತಿನೋ, ದಾಸೋಹದ ಮಠನೋ, ಹೇಳಿಬಿಡ್ರಿ."

ಅಮರಗುಂಡಪ್ಪನ ಮುಖದಲ್ಲಿ ಸಂತೋಷ ಹಿಡಿಸಲಾರದೆ ಇತ್ತು. "ನೋಡಿದೇನು? ಎಲ್ಲಾ ಹೆಸರಿನ ಪ್ರತಾಪ," ಅಂದ.

ಅಷ್ಟರಲ್ಲಿ ಲಕ್ಷ್ಮಣ ಬಂದು ಗಟ್ಟಿಯಾಗಿ ಕೇಳಿದ. "ಅಧ್ಯಕ್ಷರ, ಮಂದಿ ಬಂದಾರ. ಗೇಟು ಯಾವಾಗ ಎತ್ತಸತೀರಿ? ಟೇಲಿಗೆ ಗೇಜ್ ಎಷ್ಟು ಕೇಳೂದು, ಮೂರಡಿನೋ, ನಾಕಡಿನೋ?"

ಸುರೇಖಾ ಹೊರಗೆ ಹೋಗಿ ಫ್ಲೆಕ್ಸ್ ಓದಿ ಬಂದಳು. ಬಂದವಳು ಅಮರಗುಂಡಪ್ಪನನ್ನೂ ಓದಿ ಬರಲು ಕಳಿಸಿದಳು. ಅಮರಗುಂಡಪ್ಪ ಜೇಬಿನಿಂದ ಚಾಳೀಸು ತೆಗೆದು ಹಾಕಿಕೊಂಡು ಹೋದ. ವಾಪಸ್ಸು ಬಂದಾಗ ಅವನ ಅಧ್ಯಕ್ಷಗಿರಿ ಪೂರಾ ಇಳಿದಿತ್ತು.

"ಕಾಕಾ, ಖರೇ ಹೇಳಿಬಿಡ್ರಿ," ಅಂದಳು ಸುರೇಖಾ ಸಣ್ಣ ದನಿಯಲ್ಲಿ.

"ಹೇಳಿದ್ರ ಎದ್ದು ಹೋಗತಾರ. ಭವನ ಸೀರಿ ಸೇಲಿಗೆ ಹೋಗತೈತಿ."

"ಹೇಳಲಿಲ್ಲಂದ್ರ ಹೊಡಿತಾರ."

ಅವನು ನನ್ನ ಕಡೆ ನೋಡಿದ. ನಾನು ಜೀವಮಾನದಲ್ಲಿ ಯಾರಿಗೂ ಬುದ್ಧಿ ಹೇಳಿದವನಲ್ಲ. "ಸಾಹೇಬ್ರು ಬರೂದು ಒಂದು ಗಂಟೆಕ್ಕ ಅಂತ. ಅಲ್ಲೀತನ ನಿಲ್ಲಸೂದು ಚಲೋ ಅಲ್ಲ, ಕುಂದರಸು," ಅಂದೆ.

ಅಮರಗುಂಡಪ್ಪ ಲಕ್ಷ್ಮಣನಿಗೆ ಹೇಳಿದ. "ಸಾಹೇಬ್ರು ಬರೋತನ ಕುಂದರ್ರಿ."

ಕೂತರು. ಕುರ್ಚಿ ಸಾಲದೆ ನೆಲಕ್ಕೂ ಕೂತರು. ಎದುರಿಗೆಲ್ಲ ಆಟ ಹರವಿತ್ತು. ಯಾರೂ ಮುಟ್ಟಲಿಲ್ಲ. ಹತ್ತು ನಿಮಿಷ ಹೋಯಿತು. ಮುದುಕಮ್ಮ ಎದುರಿಗೆ ಕೂತ ಲಕ್ಷ್ಮಣನನ್ನು ನೋಡಿ ನೋಡಿ ಬೇಸತ್ತಳು.

"ಲೇ ತಮ್ಮಾ, ಮದಲಿಂಗನಂಗ ಸುಮ್ನ ಯಾಕ ಕುಂತಿ? ಹುಲಿ ಹಿಡಿ."

"ಬ್ಯಾಡ ಬೇ, ನಾವು ಬಂದದ್ದು ಬ್ಯಾರೇದಕ್ಕ."

"ಸೋಲತೀನಂತ ಅಂಜಿಕಿ ಇದ್ರ ಹಂಗ ಹೇಳು."

ಹೊಲದ ಬದುವಿನ ಮೇಲೆ ಗೆರೆ ಕೊರೆದು ಹುಲಿ-ಕುರಿ ಆಡದೆ ದೊಡ್ಡವನಾದ ರೈತ ನಮ್ಮ ಸೀಮೆಯಲ್ಲಿ ಇಲ್ಲ. ಲಕ್ಷ್ಮಣ ಟವೆಲ್ಲು ಸರಿ ಮಾಡಿಕೊಂಡು ಹುಲಿ ಹಿಡಿದ. ಅವನು ಹಿಡಿದದ್ದನ್ನು ನೋಡಿ ಪಕ್ಕದವನು ಕವಡೆ ಎತ್ತಿದ. ಅದರಾಚೆ ಇಬ್ಬರು ಅಳಗುಳಿ ಮಣೆಗೆ ಹುಣಸೆ ಬೀಜ ತುಂಬಿದರು. ಹನ್ನೆರಡು ಗಂಟೆಗೆ ನಾನು ಬಾಗಿಲಿನಿಂದ ಒಳಗೆ ನೋಡಿದಾಗ ಮುನ್ನೂರು ತಲೆ ಕೆಳಗೆ ಬಾಗಿದ್ದವು. ಸುರೇಖಾಳ ರಟ್ಟಿನ ಡಬ್ಬಿಯ ಸುತ್ತ ನಿರಾಶ್ರಿತರಾಗಿ ಬಂದು ಸಿಂಧನೂರು ಕಡೆಯ ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಐವರು ಬಂಗಾಲಿ ರೈತರು ನಿಯಮದ ಹಾಳೆ ಬದಿಗಿಟ್ಟು ತಮ್ಮದೇ ಹೊಸ ನಿಯಮ ಮಾಡಿಕೊಂಡು ಆಡುತ್ತಿದ್ದರು. ರೊಟ್ಟಿ ಗಂಟು ಬಿಚ್ಚಿದವರೂ ಎಡಗೈಯಲ್ಲಿ ತಿನ್ನುತ್ತಿದ್ದರು. ಬಲಗೈ ಖಾಲಿ ಇರಲಿಲ್ಲ.

ಒಂದು ಗಂಟೆಗೆ ಸಾಹೇಬರು ಬಂದರು. ನಮ್ಮ ಉಪಕಾಲುವೆಯ ನೀರು ನೋಡಿಕೊಳ್ಳುವವರು, ತೆಳ್ಳಗಿನ ಮನುಷ್ಯ. ಹಿಂದೆ ಪೊಲೀಸ್ ವ್ಯಾನು, ಅದರಲ್ಲಿ ಶಿವರಾಜ, ತಲೆಗೆ ಹೆಲ್ಮೆಟ್. ಕಲ್ಲಿನ ಸುದ್ದಿ ಮೇಲಿನವರೆಗೆ ಹೋಗಿತ್ತು.

ಸಾಹೇಬರು ಘೋಷಣೆಗೆ ತಯಾರಾಗಿ ಬಂದಿದ್ದರು. ಘೇರಾವಿಗೂ ತಯಾರಿದ್ದರು. ಒಳಗೆ ಕಾಲಿಟ್ಟರೆ ಸದ್ದಿಲ್ಲ. ಮುನ್ನೂರು ರೈತರು, ಒಬ್ಬನೂ ತಲೆ ಎತ್ತಿ ನೋಡಲಿಲ್ಲ. ಸಾಹೇಬರು ಬಾಗಿಲಲ್ಲೇ ನಿಂತುಬಿಟ್ಟರು. ಬೈಯುವ ಮಂದಿಯನ್ನು ಅವರು ಎಷ್ಟೋ ನೋಡಿದ್ದರು, ಲೆಕ್ಕಕ್ಕೇ ತೆಗೆದುಕೊಳ್ಳದ ಮಂದಿಯನ್ನು ಮೊದಲ ಸಲ ನೋಡಿದರು.

"ಇದೇನು ನಡದೈತ್ರೀ?" ಅಂತ ಅಮರಗುಂಡಪ್ಪನನ್ನು ಕೇಳಿದರು. ಅಮರಗುಂಡಪ್ಪ ಮುದುಕಮ್ಮನ ಹಲಗೆಯ ಕಡೆ ಕೈ ತೋರಿಸಿದ.

ಸಾಹೇಬರು ಅಲ್ಲಿಗೆ ಹೋಗಿ ನಿಂತರು. ಹುಲಿ-ಕುರಿಯ ಹಲಗೆ ನೋಡದವರಿಗೆ ಹೇಳುತ್ತೇನೆ. ಮೂರು ದೊಡ್ಡ ಕಲ್ಲು ಹುಲಿ, ಹದಿನೈದು ಸಣ್ಣವು ಕುರಿ; ಹುಲಿ ಕುರಿಗಳನ್ನು ತಿನ್ನುತ್ತದೆ, ಕುರಿಗಳು ದಾರಿ ಮುಚ್ಚಿ ಹುಲಿಯನ್ನು ಕಟ್ಟುತ್ತವೆ. ಮೇಲೆ ಒಂದು ತುದಿ. ಅಲ್ಲಿಂದ ಗೆರೆಗಳು ಕೆಳಕ್ಕೆ ಹರಡಿಕೊಂಡು ಬರುತ್ತವೆ, ಅಡ್ಡ ಗೆರೆಗಳು ಅವುಗಳನ್ನು ಕೂಡಿಸುತ್ತವೆ. ಕಾಲುವೆಯ ನಕಾಶೆಯನ್ನೇ ನೋಡಿ ನೋಡಿ ಅರ್ಧ ಆಯುಷ್ಯ ಕಳೆದವರ ಕಣ್ಣಿಗೆ ಅದು ಏನು ಕಾಣಬೇಕೋ ಅದೇ ಕಂಡಿತು.

ಮುದುಕಮ್ಮ ತಲೆ ಎತ್ತದೆ ಅಂದಳು, "ನಿಂತ್ರ ಏನು ತಿಳೀತೈತಿ, ಕುಂದರ್ರಿ. ನೋಡ್ರಿ, ಮ್ಯಾಲ ಮೂರು ಕುಂತಾವ. ದಾರಿಯೆಲ್ಲಾ ಅವರ ಕೈಯಾಗ. ಕೆಳಗಿನ ಬಡವು ಬರಬರತ ಕಡಿಮಿ ಆಗಾಕತ್ತಾವ."

ಸಾಹೇಬರು ಕೂತರು. "ಮೂರು ಅಂತ ನಿಮಗ್ಯಾರು ಹೇಳಿದರಮ್ಮ?"

"ಯಾರು ಹೇಳಬೇಕು? ಹಾಲು ಕುಡಿಯೋ ಕೂಸಿಗೂ ಗೊತ್ತೈತಿ."

ಸಾಹೇಬರು ಕರವಸ್ತ್ರ ತೆಗೆದರು. "ಈ ನಕಾಶಿ ಯಾರು ಬರದಾರ?"

"ನಮ್ಮ ಮುತ್ಯಾನ ಕಾಲದ್ದು."

"ಮುತ್ಯಾನ ಕಾಲಕ್ಕ ಕಾಲುವಿ ಇರಲಿಲ್ಲಲ್ಲ."

"ಕಾಲುವಿ ಇರಲಿಲ್ಲ," ಅಂದಳು ಮುದುಕಮ್ಮ. "ಹುಲಿ ಇದ್ದುವು."

ಲಕ್ಷ್ಮಣ ಒಂದು ಹುಲಿ ಮುಂದೆ ಇಟ್ಟ. ಮುದುಕಮ್ಮ ನಕ್ಕಳು. "ನೋಡಕೋತ ಇರ್ರಿ. ಈ ಒಂದರ ದಾರಿ ಈಗ ಕಟ್ಟಿದೆ. ಎರಡನೇದನ್ನ ಮೂಲಿಗೆ ಒತ್ತೀನಿ. ಮೂರನೇದರ ಬಾಯಿ ತಾನ ಬಂದ್ ಆಗತೈತಿ. ನಾ ಇಲ್ಲಿಂದ ಏಳೂದ್ರಾಗ ಮೂರಕ್ಕೂ ಮಣ್ಣು."

ಸಾಹೇಬರು ದಡಕ್ಕನೆ ಎದ್ದು ನಿಂತರು. "ಅಷ್ಟು ಬ್ಯಾಡಮ್ಮ. ನಾನ ಹೇಳತೀನಿ," ಅಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ದನಿ ಎತ್ತಿದರು. "ಮ್ಯಾಲಿನ ಗೇಟಿನ ಹತ್ತರ ಕಾಲುವಿಗೆ ಇಳಿಸಿದ ಮೂರೂ ಪಂಪು ನಾಳೆ ತೆಗಸತೀನಿ. ಇದು ನನ್ನ ಮಾತು."

ಮುನ್ನೂರು ತಲೆ ಒಮ್ಮೆಗೇ ಮೇಲೆದ್ದವು.

ಲಕ್ಷ್ಮಣ ಕೈಯಲ್ಲಿ ಹುಲಿ ಹಿಡಿದುಕೊಂಡೇ ಕೇಳಿದ. "ಮ್ಯಾಲ ಪಂಪು ಅದಾವೇನ್ರಿ ಸಾಹೇಬ್ರ?"

ಆ ಹೊತ್ತು ಸಾಹೇಬರ ಮುಖ ಹೇಗಿತ್ತು ಅಂತ ಬರೆಯಲು ನನ್ನ ಓದು ಸಾಲದು. ಅವರು ಹಲಗೆ ನೋಡಿದರು, ಕಲ್ಲು ನೋಡಿದರು, ಗೋಡೆಗೆ ಅಂಟಿಸಿದ್ದ ಸುರೇಖಾಳ ಚೀಟಿ ಓದಿದರು. 'ಹುಲಿ-ಕುರಿ, ಮೊದಲನೇ ಸುತ್ತು' ಅಂತ ಇತ್ತು. ಮತ್ತೆ ಕೂತರು.

ಲಕ್ಷ್ಮಣ ನನ್ನ ಪಟ್ಟಿ ಇಸಕೊಂಡು ಹೋಗಿ ಮುಂದೆ ಇಟ್ಟ. "ಈಗ ಅಂದದ್ದನ್ನ ಇದರ ಕೆಳಗ ಬರದು ಸಹಿ ಮಾಡ್ರಿ." ಸಾಹೇಬರು ಮುನ್ನೂರ ಹನ್ನೆರಡು ಹೆಸರಿನ ಕೆಳಗೆ ಬರೆದು ಸಹಿ ಮಾಡಿದರು. ಅಕ್ಷರ ನನ್ನದಕ್ಕಿಂತ ಚೆಂದ ಇತ್ತು. ಶಿವರಾಜ ಹೆಲ್ಮೆಟ್ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡು ಕೇರಂ ಬೋರ್ಡಿನ ಮುಂದೆ ಜಾಗ ಹಿಡಿದ.

ಅಮರಗುಂಡಪ್ಪ ಆಗ ಮುಂದೆ ಬಂದ. "ಲಕ್ಷ್ಮಣ, ನಾ ನಿಮ್ಮನ್ನ ನೀರಿಗಂತ ಕರದಿದ್ದಿಲ್ಲಪ್ಪ. ಇದು ಆಟದ ಸಮಾವೇಶ. ಫ್ಲೆಕ್ಸಿನ್ಯಾಗ ತಪ್ಪು ಬಿದ್ದೈತಿ. ಭವನ ಉಳಸಾಕ ಸುಮ್ನಿದ್ದೆ. ತಪ್ಪಾತು."

ಎಲ್ಲರೂ ಲಕ್ಷ್ಮಣನ ಕಡೆ ನೋಡಿದರು. ಅವನು ಹಲಗೆಯ ಕಡೆ ನೋಡುತ್ತಿದ್ದ.

"ಅದು ಇರಲಿ ಬಿಡ್ರಿ," ಅಂದ. "ಈಕಿ ನನ್ನ ಎರಡು ಹುಲಿ ಕಟ್ಟಿಬಿಟ್ಟಾಳ. ಫೈಸಲಾ ಆಗೋತನ ಏಳಬಾರದು ಅಂತ ನೀವ ಹೇಳೀರಿ."

ಅವನು ಸೋತ. ಅವನಾದ ಮೇಲೆ ಸಾಹೇಬರು ಕೂತು ಸೋತರು, ಎರಡು ಸಲ. ಹಸನ್‌ಸಾಬ್ ಸಂಜೆ ಪಟ್ಟಿ ಇಸಕೊಂಡು, ಕೆಳಗಿನ ಸಹಿಯ ಮೇಲೆ ಬೆರಳಿಟ್ಟು, "ಇದಕ್ಕ ವರ್ತಕರು ಏನೂ ಅನ್ನಾಕ ಬರಂಗಿಲ್ಲ. ಐತಾರ ನಿಮ್ಮದ," ಅಂದ. ಸುರೇಖಾ ಅವನಿಗೆ ಕೊನೆಯ ಮಿರ್ಚಿ ಕೊಟ್ಟಳು. ನಾಸೀರ್ ಫೋನು ಮಾಡಿ, ತಪ್ಪಾಗಿದ್ದರೆ ಬೇರೆ ಹೊಡೆದು ಕೊಡುತ್ತೇನೆ ಅಂದನಂತೆ. ಮುಂದಿನ ವರ್ಷಕ್ಕೂ ಇದೇ ಇರಲಿ, ತಾರೀಖು ಅಷ್ಟೇ ಬದಲು ಮಾಡು ಅಂದ ಅಮರಗುಂಡಪ್ಪ.

ಸೋಮವಾರ ಮೂರೂ ಪಂಪು ಕಾಲುವೆಯಿಂದ ಮೇಲೆ ಬಂದವು. ಬುಧವಾರ ಟೇಲಿನಲ್ಲಿ ಮೂರಡಿ ನೀರು ಅಂತ ಲಕ್ಷ್ಮಣ ಫೋನಿನಲ್ಲಿ ಹೇಳಿದ. ಗುರುವಾರ ಸಾಹೇಬರಿಗೆ ವರ್ಗದ ಹುಕುಂ ಬಂತು. ಪಂಪಿನ ಧಣಿಗಳು ಯಾರು ಅಂತ ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಹೋಗುವ ಮುಂದೆ ಸಾಹೇಬರು ಅಂಗಡಿಗೆ ಬಂದರು. ಒಂದು ಹುಲಿ-ಕುರಿ ಹಲಗೆ ಸಿಗುತ್ತದೋ ಅಂತ ಕೇಳಿದರು. ಅಮರಗುಂಡಪ್ಪ ಮುದುಕಮ್ಮ ಆಡಿದ ಹಲಗೆಯನ್ನೇ ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ. ನಾನು ಡಬ್ಬಿಯಿಂದ ಹದಿನೆಂಟು ಕಲ್ಲು ಎಣಿಸಿ ಮುಂದೆ ಇಟ್ಟೆ. ಅವರು ಹದಿನೈದು ಸಣ್ಣವನ್ನು ಜೇಬಿಗೆ ಹಾಕಿಕೊಂಡು ಹೊರಟರು. ಮೂರು ದೊಡ್ಡವು ಹಾಗೇ ಉಳಿದವು.

"ಸಾಹೇಬ್ರ, ಹುಲಿ ಬಿಟ್ಟೀರಿ," ಅಂದೆ.

"ಇರಲಿ ಯಜಮಾನ್ರ," ಅಂದರು. "ಅವು ಹೋದ ಕಡಿ ಸಿಗತಾವ."

ಲಿಂಗಸುಗೂರಿನ ಬಸ್ಸು ಹತ್ತಿ ಹೋದರು. ಅವತ್ತು ಶುಕ್ರವಾರ.